ಹರಳು, ಬೀಜ ಮತ್ತು ತರ್ಕ: ಮಕ್ಕಳ ತಂತ್ರದ ಆಟಗಳಲ್ಲಿ ಗಣಿತ

ಹುಣಸೆಬೀಜ, ಹರಳು, ಕವಡೆ, ಗುಂಡಿ, ಬಾಟಲಿಯ ಮುಚ್ಚಳ ಮುಂತಾಗಿ ಕೈಗೆ ಸಿಕ್ಕಿದ್ದನ್ನು ಕಾಯಿಗಳಾಗಿ ಬಳಸಿಕೊಂಡು ಇಬ್ಬರು ಎದುರುಬದುರು ಕುಳಿತು ಆಡುವ ಆಟಗಳು ಜಗತ್ತಿನ ಅನೇಕ ಸಮಾಜಗಳಲ್ಲಿವೆ. ಇವುಗಳಲ್ಲಿ ಒಂದು ವರ್ಗದ ಮೇಲೆ ಗಣಿತಜ್ಞರ ಕಣ್ಣು ವಿಶೇಷವಾಗಿ ಬಿದ್ದಿದೆ. ದಾಳ ಉರುಳಿಸುವುದಾಗಲಿ ಕವಡೆ ಬೀಸುವುದಾಗಲಿ ಇಲ್ಲದ, ಎದುರಾಳಿಯಿಂದ ಏನನ್ನೂ ಬಚ್ಚಿಡದ, ಒಬ್ಬರಾದ ಮೇಲೆ ಒಬ್ಬರು ಕಾಯಿ ನಡೆಸುತ್ತ ಹೋಗುವ ಆಟಗಳ ವರ್ಗ ಅದು. ಚೌಕಾಬಾರ ಅಥವಾ ಪಗಡೆಯಲ್ಲಿ ಸೋತ ಮಗು ಗರ ಬೀಳಲಿಲ್ಲವೆಂದು ಸಮಾಧಾನ ಮಾಡಿಕೊಳ್ಳಬಹುದು. ಈ ವರ್ಗದ ಆಟದಲ್ಲಿ ಆ ಸಮಾಧಾನಕ್ಕೆ ಎಡೆಯಿಲ್ಲ, ಏಕೆಂದರೆ ಸೋಲಿಗೆ ಕಾರಣವಾದ ನಡೆ ಇಬ್ಬರ ಕಣ್ಣೆದುರಿಗೇ ನಡೆದಿರುತ್ತದೆ ಮತ್ತು ಅದನ್ನು ಹಿಂದಿರುಗಿ ಹುಡುಕಲು ಸಾಧ್ಯವಿರುತ್ತದೆ. ಮಕ್ಕಳ ಗಣಿತ ಕಲಿಕೆಗೆ ಈ ಆಟಗಳು ಉಪಯುಕ್ತವೆಂಬ ಮಾತು ಶಿಕ್ಷಣದ ಬರಹಗಳಲ್ಲಿ ಹಳೆಯದು. ಆದರೆ ಯಾವ ಆಟ ಯಾವ ಬಗೆಯ ಗಣಿತವನ್ನು ಮಗುವಿನ ಮುಂದೆ ಇಡುತ್ತದೆ, ಆಡಿದ ಮಾತ್ರಕ್ಕೆ ಅದು ಕಲಿಕೆಯಾಗುತ್ತದೆಯೇ ಎಂಬ ಪ್ರಶ್ನೆಗಳನ್ನು ಬಿಡಿಸಿ ನೋಡದೆ ಎಲ್ಲ ಆಟಗಳನ್ನೂ ಒಂದೇ ಸಾಲಿನಲ್ಲಿ ಹೊಗಳುವ ರೂಢಿಯಿಂದ ಹೆಚ್ಚಿನ ಪ್ರಯೋಜನವಾಗಿಲ್ಲ. ಪ್ರಸ್ತುತ ಸಮೀಕ್ಷೆಯ ನಿಲುವು ಇಷ್ಟು: ಈ ಆಟಗಳ ಬೆಲೆ ಗೆಲ್ಲುವುದರಲ್ಲಿಲ್ಲ, ‘ಇಲ್ಲಿಂದ ಮುಂದೆ ನಾನು ಸೋಲುವುದೇ ಇಲ್ಲ’ ಎಂದು ಮಗು ಹೇಳಬಲ್ಲ ಘಳಿಗೆಯಲ್ಲಿ ಮತ್ತು ಆ ಮಾತಿಗೆ ಅದು ಕೊಡಬೇಕಾಗಿ ಬರುವ ಕಾರಣದಲ್ಲಿದೆ.

ಈ ವರ್ಗದ ಅತ್ಯಂತ ಸರಳ ಆಟಕ್ಕೆ ಒಂದೇ ಒಂದು ಗುಡ್ಡೆ ಸಾಕು. 16ನೆಯ ಶತಮಾನದ ಆರಂಭದ ಹೊತ್ತಿಗೆ ಇಟಲಿಯ ಲೂಕಾ ಪಾಚೋಲಿ ಇದರ ಒಂದು ರೂಪವನ್ನು ದಾಖಲಿಸಿದ್ದನು: ಇಬ್ಬರೂ ಸರದಿಯಂತೆ 1ರಿಂದ 6ರವರೆಗಿನ ಒಂದು ಸಂಖ್ಯೆಯನ್ನು ಕೂಡಿಸುತ್ತ ಹೋಗಿ ಮೊದಲು 30ನ್ನು ಮುಟ್ಟಬೇಕು. ಫ್ರಾನ್ಸಿನ ಬಾಶೆ ದ ಮೆಜಿರಿಯಾಕ್ 1612ರಲ್ಲಿ ಪ್ರಕಟಿಸಿದ ಗಣಿತ ವಿನೋದಗಳ ಪುಸ್ತಕದಲ್ಲಿ ಗುರಿ 100, ಒಮ್ಮೆಗೆ ಕೂಡಿಸಬಹುದಾದ ಗರಿಷ್ಠ ಸಂಖ್ಯೆ 10. ಮಕ್ಕಳ ಕೈಗೆ ಇದನ್ನು ಕೊಡುವಾಗ ಕೂಡುವುದಕ್ಕಿಂತ ತೆಗೆಯುವುದು ಸುಲಭವಾದ್ದರಿಂದ 21 ಬೀಜಗಳ ಒಂದು ಗುಡ್ಡೆ ಮಾಡಿ, ಒಮ್ಮೆಗೆ ಒಂದು, ಎರಡು ಅಥವಾ ಮೂರನ್ನು ತೆಗೆಯಬಹುದು, ಕೊನೆಯ ಬೀಜ ತೆಗೆದವರು ಗೆದ್ದರು ಎಂಬ ನಿಯಮವನ್ನಿಡುವುದು ವಾಡಿಕೆ. ಮೊದಲ ಕೆಲವು ಆಟಗಳಲ್ಲಿ ಮಕ್ಕಳು ಮನಸ್ಸಿಗೆ ಬಂದಂತೆ ತೆಗೆಯುತ್ತಾರೆ. ಆಮೇಲೆ, ಗುಡ್ಡೆಯಲ್ಲಿ ನಾಲ್ಕೇ ಉಳಿದಾಗ ತನ್ನ ಸರದಿ ಬಂದರೆ ಉಳಿಗಾಲವಿಲ್ಲ ಎಂಬುದು ಯಾರಾದರೊಬ್ಬರ ಗಮನಕ್ಕೆ ಬರುತ್ತದೆ, ಏಕೆಂದರೆ ಒಂದು ತೆಗೆದರೆ ಎದುರಾಳಿ ಮೂರನ್ನೂ, ಎರಡು ತೆಗೆದರೆ ಎರಡನ್ನೂ, ಮೂರು ತೆಗೆದರೆ ಒಂದನ್ನೂ ತೆಗೆದು ಮುಗಿಸುತ್ತಾನೆ. ಹೀಗೆ ಸರದಿ ಇರುವವನು ಏನು ಮಾಡಿದರೂ ಎದುರಾಳಿಗೆ ಗೆಲುವಿನ ದಾರಿ ತೆರೆದೇ ಇರುವ ಸನ್ನಿವೇಶಕ್ಕೆ ‘ಸೋಲುವ ಸ್ಥಿತಿ’ ಎಂದು ಹೆಸರು. ನಾಲ್ಕು ಸೋಲುವ ಸ್ಥಿತಿಯಾದರೆ ಐದು, ಆರು, ಏಳು ಗೆಲ್ಲುವ ಸ್ಥಿತಿಗಳು, ಏಕೆಂದರೆ ಅಲ್ಲಿಂದ ಎದುರಾಳಿಯನ್ನು ನಾಲ್ಕಕ್ಕೆ ದೂಡಬಹುದು. ಆದ್ದರಿಂದ ಎಂಟು ಮತ್ತೆ ಸೋಲುವ ಸ್ಥಿತಿ. ಆಟದ ಕೊನೆಯಿಂದ ಆರಂಭದತ್ತ ನಡೆಯುವ ಈ ಹಿಮ್ಮುಖ ತರ್ಕದಿಂದ 4, 8, 12, 16, 20 ಎಂಬ ಸಾಲು ತಾನಾಗಿ ಮೂಡುತ್ತದೆ, ಮತ್ತು 21ರ ಗುಡ್ಡೆಯಲ್ಲಿ ಮೊದಲ ಆಟಗಾರ ಒಂದೇ ಬೀಜವನ್ನು ತೆಗೆದು ಗೆಲುವನ್ನು ಭದ್ರಪಡಿಸಿಕೊಳ್ಳಬಹುದು ಎಂಬುದು ಖಚಿತವಾಗುತ್ತದೆ.

ಇಷ್ಟಕ್ಕೆ ಆಟ ಮುಗಿಯಿತೆಂದು ಬಿಡುವುದು ದೊಡ್ಡ ನಷ್ಟ. ಒಂದು ನಿಯಮವನ್ನು ಕದಲಿಸಿದರೆ ಹಳೆಯ ಉತ್ತರ ಕೆಲಸಕ್ಕೆ ಬಾರದೆ ಹಳೆಯ ವಿಧಾನ ಮಾತ್ರ ಕೈಯಲ್ಲಿ ಉಳಿಯುತ್ತದೆ. ವಿಧಾನವನ್ನು ಉತ್ತರದಿಂದ ಬೇರ್ಪಡಿಸಿ ಕಾಣುವುದಕ್ಕೆ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದು ಕಷ್ಟ. ಕೊನೆಯ ಬೀಜ ತೆಗೆದವರು ಸೋತರು ಎಂದು ನಿಯಮವನ್ನು ತಿರುಗಿಸಿದರೆ ಸೋಲುವ ಸ್ಥಿತಿಗಳು 1, 5, 9, 13, 17, 21 ಆಗಿ, ಅದೇ 21ರ ಗುಡ್ಡೆಯಲ್ಲಿ ಈಗ ಎರಡನೆಯ ಆಟಗಾರನಿಗೆ ಗೆಲುವು. ಒಂದು, ಮೂರು ಅಥವಾ ನಾಲ್ಕನ್ನು ಮಾತ್ರ ತೆಗೆಯಬಹುದು, ಎರಡನ್ನು ತೆಗೆಯುವಂತಿಲ್ಲ ಎಂದರೆ ಸೋಲುವ ಸ್ಥಿತಿಗಳು 2, 7, 9, 14, 16 ಎಂದು ಮೊದಲ ನೋಟಕ್ಕೆ ಕ್ರಮವೇ ಇಲ್ಲದಂತೆ ಬರುತ್ತವೆ, ಆದರೆ ಏಳರಿಂದ ಭಾಗಿಸಿದಾಗ ಉಳಿಯುವ ಶೇಷ ಸೊನ್ನೆ ಅಥವಾ ಎರಡು ಎಂಬ ಕ್ರಮ ಒಳಗೆ ಅಡಗಿರುತ್ತದೆ. ನಾಲ್ಕನೆಯ, ಐದನೆಯ ತರಗತಿಯ ಭಾಗಾಕಾರದಲ್ಲಿ ಮಗ್ಗಿಗೆ ಹೊಂದದೆ ಉಳಿದ ಸಂಖ್ಯೆಯಾಗಿ ಬರೆದಿಡುವ ಶೇಷಕ್ಕೆ ಇಲ್ಲಿ ಆಟದ ಗೆಲುವು ಸೋಲನ್ನು ನಿರ್ಧರಿಸುವ ಬೆಲೆ ಬರುತ್ತದೆ.

ಇದೇ ಹಂತದಲ್ಲಿ, ಆಟದಂತೆ ಕಂಡರೂ ತಂತ್ರಕ್ಕೆ ಎಡೆಯೇ ಇಲ್ಲದ ಕೆಲವು ಆಟಗಳನ್ನು ಮಕ್ಕಳ ಮುಂದಿಡುವುದು ತುಂಬ ಫಲಕಾರಿ, ಆದರೂ ಮಕ್ಕಳಿಗಾಗಿ ಬರೆದ ಪುಸ್ತಕಗಳಲ್ಲಿ ಇವಕ್ಕೆ ಸಿಗುವ ಜಾಗ ಕಡಿಮೆ. ಒಮ್ಮೆಗೆ ಒಂದು, ಮೂರು ಅಥವಾ ಐದು ಬೀಜಗಳನ್ನು ಮಾತ್ರ ತೆಗೆಯಬಹುದೆಂದಿಟ್ಟರೆ ಪ್ರತಿಯೊಂದು ನಡೆಯೂ ಗುಡ್ಡೆಯನ್ನು ಬೆಸದಿಂದ ಸಮಕ್ಕೆ, ಸಮದಿಂದ ಬೆಸಕ್ಕೆ ಬದಲಿಸುತ್ತದೆಯಾದ್ದರಿಂದ, ಬೆಸ ಸಂಖ್ಯೆಯ ಗುಡ್ಡೆಯಲ್ಲಿ ಮೊದಲನೆಯವನೂ ಸಮ ಸಂಖ್ಯೆಯದರಲ್ಲಿ ಎರಡನೆಯವನೂ ಹೇಗೆ ಆಡಿದರೂ ಗೆಲ್ಲುತ್ತಾರೆ. ಹತ್ತು ಬೀಜಗಳ ಒಂದು ಗುಡ್ಡೆಯನ್ನು ಸರದಿಯಂತೆ ಎರಡೆರಡಾಗಿ ಒಡೆಯುತ್ತ, ಎಲ್ಲ ಬೀಜಗಳೂ ಒಂಟಿಯಾಗುವವರೆಗೆ ಆಡುವ ಆಟವೂ ಹಾಗೆಯೇ: ಒಂದು ನಡೆಗೆ ಗುಡ್ಡೆಗಳ ಸಂಖ್ಯೆ ಒಂದರಷ್ಟು ಏರುತ್ತದೆ, ಒಂದು ಗುಡ್ಡೆಯಿಂದ ಹತ್ತು ಗುಡ್ಡೆಗಳಾಗಲು ಒಂಬತ್ತೇ ನಡೆಗಳು ಬೇಕು, ಒಂಬತ್ತನೆಯ ನಡೆ ಯಾವಾಗಲೂ ಮೊದಲನೆಯವನದು. ಮಕ್ಕಳು ಹತ್ತಾರು ಬಾರಿ ಆಡಿ, ಜಾಣ ನಡೆಗಾಗಿ ತಲೆ ಕೆಡಿಸಿಕೊಂಡು, ಕೊನೆಗೆ ಜಾಣತನಕ್ಕೆ ಇಲ್ಲಿ ಕೆಲಸವಿಲ್ಲವೆಂದು ಕಂಡುಕೊಂಡಾಗ ಅವರಿಗೆ ದಕ್ಕುವುದು ಏನೇ ನಡೆದರೂ ಬದಲಾಗದ ಒಂದು ಪರಿಮಾಣವನ್ನು ಹುಡುಕುವ ಅಭ್ಯಾಸ. ಉನ್ನತ ಗಣಿತದಲ್ಲಿ ಇದಕ್ಕೆ ‘ಅಚರ’ ಎಂಬ ಹೆಸರಿದ್ದು, ಅದರ ಬಲದ ಮೇಲೆ ನಿಂತ ಸಾಧನೆಗಳು ಅಸಂಖ್ಯ. (ಸಾಧನೆ ಎಂದರೆ ಇಲ್ಲಿ ಒಂದು ಹೇಳಿಕೆ ಎಲ್ಲ ಸಂದರ್ಭದಲ್ಲಿಯೂ ಸರಿಯೆಂದು ಕಾರಣ ಸಹಿತ ತೋರಿಸಿಕೊಡುವುದು.)

ಗುಡ್ಡೆಗಳು ಎರಡಾದಾಗ ಬೇರೆಯೊಂದು ವಿಚಾರ ಒಳಬರುತ್ತದೆ. ಸಮನಾದ ಎರಡು ಗುಡ್ಡೆಗಳಿದ್ದು, ಯಾವುದಾದರೂ ಒಂದರಿಂದ ಎಷ್ಟನ್ನಾದರೂ ತೆಗೆಯಬಹುದು, ಕೊನೆಯದನ್ನು ತೆಗೆದವರು ಗೆದ್ದರು ಎಂದಿದ್ದರೆ, ಎರಡನೆಯ ಆಟಗಾರ ಮೊದಲನೆಯವನು ಒಂದು ಗುಡ್ಡೆಯಲ್ಲಿ ಮಾಡಿದ್ದನ್ನು ಇನ್ನೊಂದರಲ್ಲಿ ಮಾಡುತ್ತ ಹೋದರೆ ಸಾಕು. ಇದನ್ನು ಪ್ರತಿಬಿಂಬ ತಂತ್ರ ಎನ್ನಬಹುದು. ಆರೇಳು ವರ್ಷದ ಮಕ್ಕಳೂ ಇದನ್ನು ತಾವಾಗಿ ಕಂಡುಕೊಳ್ಳಬಲ್ಲರು, ಮತ್ತು ಇದು ಏಕೆ ಗೆಲ್ಲಿಸುತ್ತದೆ ಎಂಬುದಕ್ಕೆ ‘ಅವನಿಗೆ ತೆಗೆಯಲು ಇದ್ದರೆ ನನಗೂ ಇರುತ್ತದೆ’ ಎಂಬಷ್ಟರಲ್ಲಿ ಪೂರ್ಣವಾದ ಕಾರಣ ಕೊಡಬಲ್ಲರು. ಇದರ ಚೆಲುವಾದ ವಿಸ್ತರಣೆ ವೃತ್ತದ ಆಟ: 13 ಬೀಜಗಳನ್ನು ವೃತ್ತಾಕಾರವಾಗಿ ಜೋಡಿಸಿ, ಒಮ್ಮೆಗೆ ಒಂದನ್ನು ಅಥವಾ ಪಕ್ಕಪಕ್ಕದಲ್ಲಿರುವ ಎರಡನ್ನು ತೆಗೆಯಬಹುದು ಎನ್ನಲಾಗುತ್ತದೆ. ಮೊದಲನೆಯವನು ಒಂದನ್ನು ತೆಗೆದರೆ ಎದುರಾಳಿ ಸರಿಯಾಗಿ ಎದುರು ಭಾಗದ ಎರಡನ್ನು, ಎರಡನ್ನು ತೆಗೆದರೆ ಎದುರು ಭಾಗದ ಒಂದನ್ನು ತೆಗೆದು, ಉಳಿದ ಹತ್ತನ್ನು ಐದೈದರ ಎರಡು ಸಾಲುಗಳಾಗಿ ಮಾಡಿಬಿಡುತ್ತಾನೆ. ಅಲ್ಲಿಂದ ಮುಂದೆ ಅನುಕರಣೆಯೇ ಗೆಲುವು. ಇಲ್ಲಿ ಮಗು ಸಮತೆಯನ್ನು ಗುರುತಿಸುವುದರ ಜತೆಗೆ ಅದು ಇಲ್ಲದ ಕಡೆ ಒಂದೇ ನಡೆಯಲ್ಲಿ ಅದನ್ನು ನಿರ್ಮಿಸುವುದನ್ನೂ ಕಲಿಯುತ್ತದೆ.

ಮೂರು ಅಥವಾ ಹೆಚ್ಚಿನ ಗುಡ್ಡೆಗಳ ಆಟವೇ ‘ನಿಮ್’. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಚಾರ್ಲ್ಸ್ ಬೌಟನ್ 1901ರಲ್ಲಿ ಈ ಆಟಕ್ಕೆ ಸಂಪೂರ್ಣ ಸಿದ್ಧಾಂತವನ್ನು ಕೊಟ್ಟನು, ಆ ಹೆಸರನ್ನು ಇಟ್ಟವನೂ ಅವನೇ. ಪ್ರತಿ ಗುಡ್ಡೆಯ ಸಂಖ್ಯೆಯನ್ನು ದ್ವಿಮಾನ ಪದ್ಧತಿಯಲ್ಲಿ, ಅಂದರೆ 1, 2, 4, 8 ಎಂಬ ದ್ವಿಗುಣಗೊಳ್ಳುವ ಬೆಲೆಗಳ ಮೊತ್ತವಾಗಿ ಬರೆದು, ಪ್ರತಿಯೊಂದು ಬೆಲೆಯೂ ಎಲ್ಲ ಗುಡ್ಡೆಗಳಲ್ಲಿ ಒಟ್ಟು ಸಮ ಸಂಖ್ಯೆಯಷ್ಟು ಬಾರಿ ಬಂದಿದ್ದರೆ ಅದು ಸೋಲುವ ಸ್ಥಿತಿ ಎಂಬುದು ಅವನ ಫಲಿತಾಂಶ. ನಿಯಮ ಅಷ್ಟು ಖಚಿತವಾದ್ದರಿಂದ ಯಂತ್ರಗಳಿಗೆ ಇದು ಬೇಗ ಒಲಿಯಿತು: 1940ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ವೆಸ್ಟಿಂಗ್‌ಹೌಸ್ ಕಂಪನಿಯ ನಿಮೆಟ್ರಾನ್, 1951ರ ಬ್ರಿಟನ್ ಉತ್ಸವದಲ್ಲಿ ಫೆರಾಂಟಿ ಕಂಪನಿಯ ನಿಮ್‌ರಾಡ್ ಜನಸಾಮಾನ್ಯರೊಡನೆ ಈ ಆಟವಾಡಿದವು. 1935ರಲ್ಲಿ ಜರ್ಮನಿಯ ಸ್ಪ್ರಾಗ್, 1939ರಲ್ಲಿ ಇಂಗ್ಲೆಂಡಿನ ಗ್ರಂಡಿ ಸ್ವತಂತ್ರವಾಗಿ ತೋರಿಸಿದಂತೆ, ಇಬ್ಬರು ಆಟಗಾರರಿಗೂ ಒಂದೇ ಬಗೆಯ ನಡೆಗಳು ಲಭ್ಯವಿದ್ದು, ಕೊನೆಯ ನಡೆ ನಡೆಸಿದವರು ಗೆಲ್ಲುವ ಈ ಜಾತಿಯ ಪ್ರತಿಯೊಂದು ಆಟದ ಪ್ರತಿಯೊಂದು ಸ್ಥಿತಿಯೂ ಒಳಗಿನಿಂದ ನಿಮ್‌ನ ಒಂದು ಗುಡ್ಡೆಗೆ ಸಮ. 1976ರಲ್ಲಿ ಜಾನ್ ಕಾನ್ವೇ ಬರೆದ, 1982ರಲ್ಲಿ ಬರ್ಲೆಕ್ಯಾಂಪ್, ಕಾನ್ವೇ ಮತ್ತು ರಿಚರ್ಡ್ ಗೈ ಮೂವರೂ ಸೇರಿ ಬರೆದ ಗ್ರಂಥಗಳು ಈ ಅಡಿಪಾಯದ ಮೇಲೆ ಒಂದು ಪ್ರತ್ಯೇಕ ಗಣಿತ ಶಾಖೆಯನ್ನೇ ಕಟ್ಟಿದವು.

ಸಿದ್ಧಾಂತದ ಈ ಸೊಬಗೇ ಮಕ್ಕಳ ಪಾಲಿಗೆ ಅಡಚಣೆಯಾದದ್ದೂ ಉಂಟು. ಜನಪ್ರಿಯ ಪುಸ್ತಕಗಳು ಆಟದ ನಿಯಮ ಹೇಳಿದ ಮರುಪುಟದಲ್ಲೇ ದ್ವಿಮಾನ ಸೂತ್ರವನ್ನು ಕೊಟ್ಟುಬಿಡುತ್ತವೆ. ಅದನ್ನು ಬಾಯಿಪಾಠ ಮಾಡಿದ ಮಗು ಎಲ್ಲರನ್ನೂ ಸೋಲಿಸುತ್ತದೆ, ಆದರೆ ಏಕೆ ಎಂದು ಕೇಳಿದರೆ ಅದರ ಬಳಿ ಉತ್ತರವಿರುವುದಿಲ್ಲ. ಬೀಜಗಳಿಂದಲೇ ಇದಕ್ಕೆ ದಾರಿಯಿದೆ. 3, 5, 7ರ ಮೂರು ಗುಡ್ಡೆಗಳನ್ನು ನೆಲದ ಮೇಲೆ ಒಡೆದು ಹರಡಿದರೆ ಮೂರು ಎಂದರೆ ಎರಡು ಮತ್ತು ಒಂದು, ಐದು ಎಂದರೆ ನಾಲ್ಕು ಮತ್ತು ಒಂದು, ಏಳು ಎಂದರೆ ನಾಲ್ಕು, ಎರಡು ಮತ್ತು ಒಂದು. ನಾಲ್ಕರ ಕಟ್ಟು ನಾಲ್ಕರ ಕಟ್ಟಿಗೆ, ಎರಡರದು ಎರಡಕ್ಕೆ ಜೋಡಿಯಾಗುತ್ತದೆ. ಒಂದರ ಕಟ್ಟುಗಳು ಮಾತ್ರ ಮೂರಿದ್ದು ಒಂದು ಜೋಡಿಯಿಲ್ಲದೆ ಉಳಿಯುತ್ತದೆ. ಆ ಒಂದನ್ನು ಯಾವ ಗುಡ್ಡೆಯಿಂದ ತೆಗೆದರೂ ಗೆಲುವೇ. ಎರಡು ಗುಡ್ಡೆಗಳಲ್ಲಿ ಕಂಡ ಪ್ರತಿಬಿಂಬದ ವಿಚಾರವೇ ಇಲ್ಲಿ ಕಟ್ಟುಗಳ ಜೋಡಿಯಾಗಿ ಬೆಳೆದಿದೆ ಎಂಬುದನ್ನು ಹತ್ತು ಹನ್ನೊಂದು ವರ್ಷದ ಮಕ್ಕಳು ಕೈಯಿಂದ ಮುಟ್ಟಿ ತಿಳಿಯಬಲ್ಲರು; ದ್ವಿಮಾನ ಅಂಕಿಗಳನ್ನು ಬರೆಯುವುದು ಆಮೇಲೆ ಬರಬಹುದು, ಬಾರದೆಯೂ ಇರಬಹುದು.

ಪೆನ್ಸಿಲು ಹಿಡಿಯಬಲ್ಲ ಮಕ್ಕಳಿಗೆ ನಿಮ್‌ಗಿಂತಲೂ ಶ್ರೀಮಂತವಾದದ್ದು ಡಚ್ ಗಣಿತಜ್ಞ ವೈಟಾಫ್ 1907ರಲ್ಲಿ ವಿವರಿಸಿದ ಆಟ. ಗುಡ್ಡೆಗಳು ಎರಡೇ, ಒಂದು ಗುಡ್ಡೆಯಿಂದ ಎಷ್ಟನ್ನಾದರೂ ಅಥವಾ ಎರಡರಿಂದಲೂ ಸಮಸಮವಾಗಿ ಎಷ್ಟನ್ನಾದರೂ ತೆಗೆಯಬಹುದು. ಎರಡನೆಯ ಅವಕಾಶ ಸೇರಿದ ಕೂಡಲೇ ಪ್ರತಿಬಿಂಬ ತಂತ್ರ ಕುಸಿಯುತ್ತದೆ, ಏಕೆಂದರೆ ಸಮನಾದ ಗುಡ್ಡೆಗಳನ್ನು ಎದುರಾಳಿ ಒಂದೇ ಏಟಿಗೆ ಖಾಲಿ ಮಾಡಿಬಿಡಬಲ್ಲ. ಚೌಕಳಿ ಹಾಳೆಯ ಮೇಲೆ ಒಂದು ಗುಡ್ಡೆಯನ್ನು ಅಡ್ಡಲಾಗಿ, ಇನ್ನೊಂದನ್ನು ಉದ್ದಕ್ಕೆ ಎಣಿಸಿ ಸೋಲುವ ಸ್ಥಿತಿಗಳನ್ನು ಗುರುತು ಮಾಡುತ್ತ ಹೋದರೆ (1, 2), (3, 5), (4, 7), (6, 10), (8, 13) ಎಂಬ ಜೋಡಿಗಳು ಸಿಗುತ್ತವೆ. ಜೋಡಿಯ ಎರಡು ಸಂಖ್ಯೆಗಳ ವ್ಯತ್ಯಾಸ ಕ್ರಮವಾಗಿ 1, 2, 3, 4, 5 ಎಂದು ಏರುವುದನ್ನೂ, ಪ್ರತಿ ಜೋಡಿಯ ಮೊದಲ ಸಂಖ್ಯೆ ಅದುವರೆಗೆ ಎಲ್ಲಿಯೂ ಬಳಕೆಯಾಗದ ಅತ್ಯಂತ ಚಿಕ್ಕ ಸಂಖ್ಯೆಯಾಗಿರುವುದನ್ನೂ ಮಕ್ಕಳು ಗುರುತಿಸಬಹುದು. ಮುಂದಿನ ಜೋಡಿ (9, 15) ಎಂದು ಆಡದೆಯೇ ಊಹಿಸಿ, ಆಮೇಲೆ ಆಡಿ ಪರೀಕ್ಷಿಸಬಹುದು. ಪ್ರತಿಯೊಂದು ಎಣಿಕೆಯ ಸಂಖ್ಯೆಯೂ ಈ ಪಟ್ಟಿಯಲ್ಲಿ ಒಂದೇ ಒಂದು ಸಲ ಬರುತ್ತದೆ ಎಂಬುದು ಸ್ವತಃ ಬೆರಗಿನ ಸಂಗತಿ. ಜೋಡಿಗಳು ದೊಡ್ಡವಾದಂತೆ ಅವುಗಳ ಅನುಪಾತ ಸುವರ್ಣಾನುಪಾತವನ್ನು, ಅಂದರೆ ಸುಮಾರು 1.618ನ್ನು ಸಮೀಪಿಸುತ್ತದೆ ಎಂಬುದನ್ನು ಪ್ರೌಢಶಾಲೆಯ ಮಕ್ಕಳಿಗಾಗಿ ಉಳಿಸಿಕೊಳ್ಳುವುದು ಮೇಲು.

ಉತ್ತರವೇ ತಿಳಿಯದಿದ್ದರೂ ಉತ್ತರವಿದೆ ಎಂದು ಸಾಧಿಸಬಹುದು ಎಂಬ ಗಣಿತದ ಒಂದು ಗಹನ ವಿಚಾರವನ್ನು ಮಕ್ಕಳ ಎಟುಕಿಗೆ ತರುವ ಆಟವೊಂದಿದೆ. ಡಚ್ ಗಣಿತಜ್ಞ ಫ್ರೆಡ್ ಶೂ 1952ರಲ್ಲಿ ಭಾಜಕಗಳ ಆಟವಾಗಿಯೂ ಅಮೆರಿಕದ ಡೇವಿಡ್ ಗೇಲ್ 1974ರಲ್ಲಿ ಆಯತದ ಆಟವಾಗಿಯೂ ಇದನ್ನು ರೂಪಿಸಿದರು. ಈಗ ಅದಕ್ಕೆ ಚಾಂಪ್ ಎಂಬ ಹೆಸರು ನಿಂತಿದೆ. ಬೀಜಗಳನ್ನು ಅಡ್ಡ ಮತ್ತು ಉದ್ದ ಸಾಲುಗಳ ಆಯತವಾಗಿ ಜೋಡಿಸಿ, ಎಡಭಾಗದ ಮೇಲ್ತುದಿಯದನ್ನು ವಿಷದ ಬೀಜವೆಂದು ಎಣಿಸಲಾಗುತ್ತದೆ. ಸರದಿ ಬಂದವರು ಒಂದು ಬೀಜವನ್ನು ಆರಿಸಿ ಅದನ್ನೂ, ಅದರ ಬಲಕ್ಕೆ, ಕೆಳಕ್ಕೆ ಮತ್ತು ಅವೆರಡರ ನಡುವಿನ ಮೂಲೆಯಲ್ಲಿರುವ ಎಲ್ಲವನ್ನೂ ತೆಗೆಯಬೇಕು. ವಿಷದ ಬೀಜ ಯಾರ ಪಾಲಿಗೆ ಬರುತ್ತದೋ ಅವರಿಗೆ ಸೋಲು. ಒಂದಕ್ಕಿಂತ ಹೆಚ್ಚು ಬೀಜಗಳಿರುವ ಯಾವ ಆಯತದಲ್ಲಿಯೂ ಮೊದಲ ಆಟಗಾರನಿಗೆ ಗೆಲ್ಲುವ ದಾರಿಯಿದೆ. ಕಾರಣ ಹೀಗೆ: ಅವನು ಬಲಭಾಗದ ಕೆಳತುದಿಯ ಒಂದೇ ಬೀಜವನ್ನು ತೆಗೆದನೆಂದುಕೊಂಡರೆ, ಅದು ಗೆಲ್ಲಿಸುವ ನಡೆಯಾಗಿರಬಹುದು, ಇಲ್ಲವೇ ಎದುರಾಳಿಗೆ ಅದಕ್ಕೊಂದು ಗೆಲ್ಲುವ ಉತ್ತರವಿರಬೇಕು, ಆದರೆ ಎದುರಾಳಿ ಯಾವ ಉತ್ತರ ಕೊಟ್ಟರೂ ಆ ಮೂಲೆಯ ಬೀಜ ಹೇಗೂ ಅದರಲ್ಲಿ ಹೋಗುವಂಥದ್ದಾದ್ದರಿಂದ, ಅದೇ ನಡೆಯನ್ನು ಮೊದಲನೆಯವನೇ ಆರಂಭದಲ್ಲಿ ನಡೆಸಬಹುದಿತ್ತು. ಗಣಿತಜ್ಞರು ತಂತ್ರ ಕದಿಯುವ ವಾದ ಎಂದು ಕರೆಯುವ ಇದು ಗೆಲ್ಲಿಸುವ ನಡೆ ಯಾವುದೆಂದು ಹೇಳುವುದೇ ಇಲ್ಲ. ಚೌಕದ ಜೋಡಣೆಯಲ್ಲಿ ವಿಷದ ಬೀಜಕ್ಕೆ ಓರೆಯಾಗಿ ತಾಗಿರುವ ಬೀಜವನ್ನು ಆರಿಸಿ ಎರಡು ಸಮತೋಳುಗಳನ್ನು ಉಳಿಸಿಕೊಂಡರೆ ಗೆಲುವು, ಎರಡು ಸಾಲಿನ ಜೋಡಣೆಯಲ್ಲಿ ಕೆಳಸಾಲಿನ ತುದಿಯ ಒಂದನ್ನು ತೆಗೆದರೆ ಗೆಲುವು. ಸಾಮಾನ್ಯವಾಗಿ ಎಲ್ಲ ಆಯತಗಳಿಗೂ ಹೊಂದುವ ಸೂತ್ರ ಇಂದಿಗೂ ಸಿಕ್ಕಿಲ್ಲ.

ಇದುವರೆಗೆ ನೋಡಿದ ಆಟಗಳು ಗಣಿತಜ್ಞರ ಮೇಜಿನಲ್ಲಿ ಹದಗೊಂಡವು. ಕನ್ನಡ ನಾಡಿನ ಜಗಲಿಗಳಲ್ಲಿ ಮತ್ತು ಗುಡಿಗಳ ಹಾಸುಗಲ್ಲುಗಳ ಮೇಲೆ ಬೆಳೆದ ಆಟಗಳ ಸ್ವಭಾವ ಬೇರೆ. ಅಳಗುಳಿಮಣೆಯಲ್ಲಿ ಏಳೇಳು ಗುಳಿಗಳ ಎರಡು ಸಾಲುಗಳಿದ್ದು, ತುಳುನಾಡಿನ ಚೆನ್ನೆಮಣೆಯಲ್ಲಿ ಗುಳಿಗೆ ನಾಲ್ಕರಂತೆ 56 ಬೀಜಗಳನ್ನೂ, ಇತರ ಕಡೆ ಗುಳಿಗೆ ಐದರಂತೆ 70 ಬೀಜಗಳನ್ನೂ ಹಾಕಿ ಆಡುವ ಕ್ರಮಗಳಿವೆ. ಒಂದು ಗುಳಿಯ ಬೀಜಗಳನ್ನೆತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿತ್ತುತ್ತ, ಕೈ ಬರಿದಾದಾಗ ಮುಂದಿನ ಗುಳಿಯದನ್ನು ಎತ್ತಿಕೊಂಡು ಮುಂದುವರಿಯುತ್ತ, ಬರಿಗುಳಿ ಎದುರಾದಾಗ ಅದರಾಚೆಯ ಗುಳಿಯ ಬೀಜಗಳನ್ನು ಗೆದ್ದುಕೊಳ್ಳುವುದು ಇದರ ಸಾಮಾನ್ಯ ರೂಪ. ತುಳುವರಲ್ಲಿ ಈ ಆಟ ಆಟಿ ತಿಂಗಳಿನೊಂದಿಗೆ ಬೆಸೆದುಕೊಂಡಿದೆ, ಮತ್ತು ಸಿರಿ ಪಾಡ್ದನದ ಅಬ್ಬಗ–ದಾರಗ ಎಂಬ ಅವಳಿ ಸೋದರಿಯರ ದುರಂತ ನಡೆಯುವುದೂ ಚೆನ್ನೆಮಣೆಯ ಎದುರಿನಲ್ಲೇ. 14 ಬೀಜಗಳಿರುವ ಗುಳಿಯಿಂದ ಹೊರಟ ಬಿತ್ತನೆ ಇಡೀ ಮಣೆಯನ್ನು ಸುತ್ತಿ ಹೊರಟ ಗುಳಿಯಲ್ಲೇ ಮುಗಿಯುತ್ತದೆ ಎಂಬಂತಹ ಆವರ್ತನದ ಲೆಕ್ಕ ಇಲ್ಲಿ ಪ್ರತಿ ನಡೆಗೂ ಬೇಕು. ನುರಿತ ಅಜ್ಜಿಯರು ಗುಳಿಯನ್ನು ಬೆರಳಿನಿಂದ ಮುಟ್ಟದೆ ಕಣ್ಣಿನಲ್ಲೇ ಎಣಿಸಿ ಬಿತ್ತನೆ ಎಲ್ಲಿ ನಿಲ್ಲುವುದೆಂದು ಹೇಳುವ ಸಾಮರ್ಥ್ಯ ಶಾಲೆಯ ಮಾನಸಿಕ ಗಣಿತದ ಯಾವ ಅಭ್ಯಾಸಕ್ಕೂ ಕಡಿಮೆಯದಲ್ಲ. ಆದರೆ ಬಿತ್ತನೆ ಸರಪಳಿಯಾಗಿ ಮುಂದುವರಿಯುವುದರಿಂದ ಒಂದು ಬೀಜದ ವ್ಯತ್ಯಾಸವೂ ಫಲವನ್ನು ತೀರ ಬದಲಿಸುತ್ತದೆ, ಹೀಗಾಗಿ ಹಿಮ್ಮುಖ ತರ್ಕದಿಂದ ಇಡೀ ಆಟವನ್ನು ಬಿಡಿಸುವುದು ಮನುಷ್ಯರ ಅಳವಿಗೆ ಮೀರಿದ್ದು. ಇದರ ಆಫ್ರಿಕದ ದಾಯಾದಿಯಾದ, 12 ಗುಳಿ ಮತ್ತು 48 ಬೀಜಗಳ ಅವಾರಿ ಆಟವನ್ನು ನೆದರ್ಲೆಂಡಿನ ರೊಮೈನ್ ಮತ್ತು ಬಾಲ್ 2002ರಲ್ಲಿ ಸುಮಾರು 89 ಸಾವಿರ ಕೋಟಿ ಸ್ಥಿತಿಗಳನ್ನು ಕಂಪ್ಯೂಟರಿನಿಂದ ಲೆಕ್ಕ ಹಾಕಿಸಿ ಬಿಡಿಸಿದರು. ಇಬ್ಬರೂ ತಪ್ಪಿಲ್ಲದೆ ಆಡಿದರೆ ಅದು ಸಮ.

ಮೂರು ಚೌಕಗಳನ್ನು ಒಂದರೊಳಗೊಂದು ಬರೆದು 24 ಬಿಂದುಗಳ ಮೇಲೆ ಒಂಬತ್ತೊಂಬತ್ತು ಕಾಯಿಗಳಿಂದ ಆಡುವ ಸಾಲುಮನೆ ಆಟವನ್ನೂ ರಾಲ್ಫ್ ಗ್ಯಾಸರ್ 1993ರಲ್ಲಿ ಹೀಗೆಯೇ ಬಿಡಿಸಿ ಸಮವೆಂದು ತೋರಿಸಿದನು. ಹುಲಿ–ಕುರಿ ಅಥವಾ ಆಡು–ಹುಲಿ ಆಟ ಇವೆಲ್ಲಕ್ಕಿಂತ ಭಿನ್ನ, ಏಕೆಂದರೆ ಇಲ್ಲಿ ಎರಡು ಪಕ್ಷಗಳ ಸಂಖ್ಯೆಯೂ ಬಲವೂ ಬೇರೆ ಬೇರೆ: ಸಾಮಾನ್ಯವಾಗಿ ಮೂರು ಹುಲಿಗಳಿಗೆ 15 ಕುರಿಗಳು. ಹುಲಿ ಪಕ್ಕದ ಕುರಿಯನ್ನು ಹಾರಿ ಅದರಾಚೆಯ ಬರಿಮನೆಗೆ ಇಳಿದು ಅದನ್ನು ಕಡಿಯಬಹುದು. ಕುರಿಗಳು ಹುಲಿಗಳನ್ನು ಅಲುಗಾಡದಂತೆ ಕಟ್ಟಿಹಾಕಬೇಕು. ಹಿಂದಿನ ಮನೆ ತುಂಬಿರುವ ಕುರಿಗೆ ಆ ದಿಕ್ಕಿನಿಂದ ಅಪಾಯವಿಲ್ಲ ಎಂಬ ಒಂದೇ ಅಂಶವನ್ನು ಮಗು ಗ್ರಹಿಸಿದ ಮೇಲೆ, ಮಣೆಯ ಅಂಚು, ಮೂಲೆ, ಗೆರೆಗಳು ಕೂಡುವ ಮನೆ ಇವುಗಳ ಬೆಲೆ ಏಕೆ ಬೇರೆಬೇರೆ ಎಂಬುದು ಒಂದೊಂದಾಗಿ ತೆರೆದುಕೊಳ್ಳುತ್ತದೆ. ಬಿಂದು ಮತ್ತು ಅವನ್ನು ಜೋಡಿಸುವ ಗೆರೆಗಳ ಗಣಿತಕ್ಕೆ, ಅಂದರೆ ಜಾಲಸಿದ್ಧಾಂತಕ್ಕೆ, ಇಷ್ಟು ಸಹಜವಾದ ಪ್ರವೇಶ ಪಠ್ಯಪುಸ್ತಕಗಳಲ್ಲಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮಣೆಯಾಟಗಳಲ್ಲಿ ತೋರಿದ ಆಸ್ಥೆ, ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಅವುಗಳಿಗೆ ಸಿಕ್ಕ ಸ್ಥಾನ, ಚದುರಂಗದ ಕುದುರೆಯನ್ನು ಪ್ರತಿ ಮನೆಗೂ ಒಮ್ಮೆ ಮಾತ್ರ ನಡೆಸುವ ಸಮಸ್ಯೆಗೆ ಅವರು ರಚಿಸಿದ ಪರಿಹಾರಗಳು ಈ ನಾಡಿನಲ್ಲಿ ಆಟವನ್ನು ಬುದ್ಧಿಯ ಗಂಭೀರ ವ್ಯವಹಾರವಾಗಿ ಕಂಡ ಪರಂಪರೆಗೆ ಸಾಕ್ಷಿ. ಶಾಲೆಯ ಗಣಿತ ಆ ಪರಂಪರೆಯನ್ನು ಇನ್ನೂ ತನ್ನದಾಗಿಸಿಕೊಂಡಿಲ್ಲ ಎಂಬುದು ವಿಷಾದದ ಸಂಗತಿ.

ಒಬ್ಬರೇ ಆಡುವ ಕಾಯಿಯಾಟಗಳನ್ನು ಇಲ್ಲಿ ಸಂಕ್ಷೇಪವಾಗಿ ಸ್ಮರಿಸಿದರೆ ಸಾಕು. ಅವುಗಳಲ್ಲಿ ಕಾನ್ವೇ 1961ರಲ್ಲಿ ವಿಶ್ಲೇಷಿಸಿದ ಸೈನಿಕರ ಸಮಸ್ಯೆ ಎದ್ದು ನಿಲ್ಲುತ್ತದೆ: ಚೌಕಳಿ ನೆಲದ ಒಂದು ಗೆರೆಯ ಕೆಳಗೆ ಬೇಕಾದಷ್ಟು ಕಾಯಿಗಳನ್ನಿಟ್ಟು, ಒಂದು ಇನ್ನೊಂದನ್ನು ಹಾರಿ ಅದನ್ನು ತೆಗೆಯುತ್ತ ಮುಂದೆ ಸಾಗಬೇಕು. ಗೆರೆಯಾಚೆಯ ಮೊದಲ ಸಾಲಿಗೆ ಎರಡು, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಎಂಟು, ನಾಲ್ಕನೆಯದಕ್ಕೆ 20 ಕಾಯಿಗಳು ಬೇಕು. ಐದನೆಯ ಸಾಲನ್ನು ಕಾಯಿಗಳೆಷ್ಟಿದ್ದರೂ ತಲುಪಲಾಗದು. ಮೂರನೆಯ ಸಾಲಿನವರೆಗೆ ಹೋದ ಮಕ್ಕಳು ನಾಲ್ಕಕ್ಕೆ 16 ಸಾಕೆಂದು ಸಹಜವಾಗಿ ಊಹಿಸಿ ಸೋಲುತ್ತಾರೆ.

ಇಷ್ಟೆಲ್ಲ ಗಣಿತ ಆಟದೊಳಗಿದೆ ಎಂಬುದು ಒಂದು ಮಾತು, ಆಡಿದ ಮಗುವಿಗೆ ಅದು ದಕ್ಕುತ್ತದೆ ಎಂಬುದು ಇನ್ನೊಂದು. ಈ ಎರಡನೆಯ ಮಾತಿಗೆ ಇರುವ ಪುರಾವೆಯನ್ನು ಎಚ್ಚರದಿಂದ ಓದಬೇಕು. ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ ಅಮೆರಿಕದ ಬಡ ಕುಟುಂಬಗಳ ಶಾಲಾಪೂರ್ವ ಮಕ್ಕಳ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 1ರಿಂದ 10ರವರೆಗಿನ ಸಂಖ್ಯೆಗಳನ್ನು ಸಾಲಾಗಿ ಬರೆದ ಮಣೆಯ ಮೇಲೆ ಎರಡು ವಾರಗಳಲ್ಲಿ ಒಟ್ಟು ಒಂದು ಗಂಟೆಯಷ್ಟು ಆಡಿದ ಮಕ್ಕಳ ಸಂಖ್ಯಾಜ್ಞಾನ ಸ್ಪಷ್ಟವಾಗಿ ಸುಧಾರಿಸಿತು, ಒಂಬತ್ತು ವಾರಗಳ ನಂತರವೂ ಆ ಸುಧಾರಣೆ ಉಳಿದಿತ್ತು. ಸಂಖ್ಯೆಯ ಬದಲು ಬಣ್ಣಗಳಿದ್ದ ಅಂಥದೇ ಮಣೆಯ ಮೇಲೆ ಆಡಿದವರಲ್ಲಿ ಸುಧಾರಣೆ ಕಾಣಲಿಲ್ಲ. ಇದು ಎಣಿಕೆಯ ಆಟ, ತಂತ್ರದ್ದಲ್ಲ, ಆದರೂ ಮಗು ಯಾವುದನ್ನು ಗಮನಿಸುವಂತೆ ಆಟ ರೂಪುಗೊಂಡಿದೆಯೋ ಅದನ್ನೇ ಕಲಿಯುತ್ತದೆ ಎಂಬ ಪಾಠ ಇದರಲ್ಲಿದೆ. ತಂತ್ರದ ಆಟಗಳ ಪೈಕಿ ಹೆಚ್ಚು ಅಧ್ಯಯನಕ್ಕೆ ಒಳಗಾದ ಚದುರಂಗದ ವಿಷಯದಲ್ಲಿ ಫಲ ಅಷ್ಟು ಆಶಾದಾಯಕವಲ್ಲ: ಇಂಗ್ಲೆಂಡಿನ ಎಜುಕೇಶನ್ ಎಂಡೋಮೆಂಟ್ ಫೌಂಡೇಶನ್ 100 ಪ್ರಾಥಮಿಕ ಶಾಲೆಗಳಲ್ಲಿ ನಡೆಸಿ 2016ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ಶಾಲಾ ಅವಧಿಯಲ್ಲಿ ಚದುರಂಗ ಕಲಿತ ಮಕ್ಕಳ ಗಣಿತ ಅಂಕಗಳು ಒಂದು ವರ್ಷದ ನಂತರ ಇತರರಿಗಿಂತ ಮೇಲಾಗಿರಲಿಲ್ಲ. ಆಟವಾಡುವುದರಿಂದ ಬುದ್ಧಿ ತಾನಾಗಿ ಹರಿತವಾಗಿ ಗಣಿತಕ್ಕೂ ಒದಗುತ್ತದೆ ಎಂಬ ನಂಬಿಕೆಗೆ ಈ ಫಲಿತಾಂಶ ಬಲ ಕೊಡುವುದಿಲ್ಲ. ಸಣ್ಣ ಗುಡ್ಡೆಯಾಟಗಳ ಪರವಾದ ವಾದ ಬೇರೆಯೇ ಆದದ್ದು: ಇಲ್ಲಿ ಗಣಿತ ಆಟದಿಂದ ಬೇರೆಡೆಗೆ ಸಾಗಿ ಹೋಗಬೇಕಾಗಿಲ್ಲ, ಆಟದ ವಿಶ್ಲೇಷಣೆಯೇ ಗಣಿತ. ಚದುರಂಗವನ್ನು ಮಗು ಪೂರ್ತಿ ಬಿಡಿಸಲಾರದು; 21 ಬೀಜಗಳ ಗುಡ್ಡೆಯನ್ನು ಒಂದು ಮಧ್ಯಾಹ್ನದಲ್ಲಿ ಬಿಡಿಸಬಲ್ಲದು.

ಆದ್ದರಿಂದ ತರಗತಿಯಲ್ಲಿ ಈ ಆಟಗಳ ಯಶಸ್ಸು ಕಾಯಿಗಳಿಗಿಂತ ಹೆಚ್ಚಾಗಿ ಶಿಕ್ಷಕರು ಏನನ್ನು ಹೇಳದೆ ತಡೆದುಕೊಳ್ಳುತ್ತಾರೆ ಎಂಬುದರ ಮೇಲೆ ನಿಂತಿದೆ. ಮಕ್ಕಳು ಸಾಕಷ್ಟು ಆಡುವ ಮೊದಲೇ ನಾಲ್ಕರ ಗುಣಕಗಳ ಗುಟ್ಟನ್ನು ಬಿಟ್ಟುಕೊಟ್ಟರೆ ಆಟವೂ ಉಳಿಯದು, ಗಣಿತವೂ ಉಳಿಯದು. ಮಗು ತಾನು ಗೆದ್ದೇ ಗೆಲ್ಲುತ್ತೇನೆಂದಾಗ ಅದು ಊಹೆಯೋ ಖಚಿತವೋ ಎಂದು ಕೇಳುವುದು, ಇಪ್ಪತ್ತೊಂದು ಹೆಚ್ಚಾದರೆ ಆರು ಬೀಜಗಳಿಂದ ಆರಂಭಿಸಲು ಸೂಚಿಸುವುದು, ಸೋಲುವ ಸ್ಥಿತಿಗಳನ್ನು ಹಾಳೆಯ ಮೇಲೆ ಗುರುತು ಮಾಡಿಸುವುದು, ನಿಯಮ ಬದಲಿಸಲು ಮಕ್ಕಳಿಗೇ ಅವಕಾಶ ಕೊಡುವುದು ಇಷ್ಟೇ ಶಿಕ್ಷಕರ ಕೆಲಸ, ಮತ್ತು ಇದು ಸುಲಭದ ಕೆಲಸವಲ್ಲ. ಒಂದೇ ಮಗು ಸತತವಾಗಿ ಸೋಲುವ ಸಮಸ್ಯೆ ನಿಜವಾದದ್ದು. ಇಬ್ಬಿಬ್ಬರ ಜೋಡಿ ಇನ್ನೊಂದು ಜೋಡಿಯನ್ನು ಎದುರಿಸುವಂತೆ ಮಾಡಿದರೆ ಸೋಲಿನ ಕಹಿ ಕಡಿಮೆಯಾಗುವುದಲ್ಲದೆ, ಜೊತೆಗಾರನಿಗೆ ನಡೆಯ ಕಾರಣವನ್ನು ಬಾಯಿಬಿಟ್ಟು ಹೇಳಬೇಕಾಗುವುದರಿಂದ ತರ್ಕ ಮಾತಿನ ರೂಪ ಪಡೆಯುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ–ಕಲಿ ಪದ್ಧತಿ ಮಕ್ಕಳನ್ನು ಗುಂಪುಗಳಲ್ಲಿ ಕೂರಿಸಿ ಚಟುವಟಿಕೆಗಳ ಮೂಲಕ ಕಲಿಸುವ ರೂಢಿಯನ್ನು ರಾಜ್ಯದ ಸರ್ಕಾರಿ ಶಾಲೆಗಳಿಗೆ ತಂದಿದೆ. ಅಲ್ಲಿನ ಗಣಿತದ ಕಾರ್ಡುಗಳ ಪಕ್ಕದಲ್ಲಿ ಒಂದು ಹಿಡಿ ಹುಣಸೆಬೀಜಕ್ಕೆ ಜಾಗ ಮಾಡಿಕೊಡಲು ಹಣವಾಗಲಿ ಹೊಸ ಉಪಕರಣವಾಗಲಿ ಬೇಕಿಲ್ಲ.

ಮಾದರಿಯನ್ನು ಕಂಡ ಕೂಡಲೇ ನಿಯಮವೆಂದು ನಂಬಿಬಿಡುವ ಅಪಾಯವನ್ನು ಮಕ್ಕಳಿಗೆ ತೋರಿಸಬಲ್ಲ ಆಟವೊಂದು ಉಳಿದಿದೆ, ಅದು ಗ್ರಂಡಿಯ ಹೆಸರಿನಲ್ಲಿ ಪ್ರಸಿದ್ಧ. ಸರದಿ ಬಂದವರು ಒಂದು ಗುಡ್ಡೆಯನ್ನು ಎರಡು ಅಸಮ ಗುಡ್ಡೆಗಳಾಗಿ ಒಡೆಯಬೇಕು. ಒಂದು ಅಥವಾ ಎರಡು ಬೀಜಗಳ ಗುಡ್ಡೆಯನ್ನು ಹಾಗೆ ಒಡೆಯಲಾಗದು. ಒಡೆಯಲು ಏನೂ ಉಳಿಯದವರಿಗೆ ಸೋಲು. ಒಂದೇ ಗುಡ್ಡೆಯಿಂದ ಆರಂಭಿಸಿದರೆ ಸೋಲುವ ಗಾತ್ರಗಳು 1, 2, 4, 7, 10 ಎಂದು ಬರುತ್ತವೆ. ಮೂರು ಮೂರರಂತೆ ಏರುತ್ತಿದೆ, ಮುಂದಿನದು 13 ಎಂದು ಮಕ್ಕಳು ಹೇಳುತ್ತಾರೆ, ಹೇಳಬೇಕಾದದ್ದೂ ಅದೇ. ಆದರೆ 13ನ್ನು 5 ಮತ್ತು 8 ಆಗಿ ಒಡೆದವರು ಗೆಲ್ಲುತ್ತಾರೆ, ಮುಂದಿನ ಸೋಲುವ ಗಾತ್ರ 20. ಆಮೇಲೆ 23 ಮತ್ತು 26, ಅನಂತರ ಒಮ್ಮೆಲೇ 50 ಮತ್ತು 53, ಅದಾದ ಮೇಲೆ 270. ಈ ಆಟದ ಗುಡ್ಡೆಗಳಿಗೆ ಸಮನಾದ ನಿಮ್ ಗುಡ್ಡೆಗಳ ಗಾತ್ರಗಳನ್ನು ಸಾಲಾಗಿ ಬರೆಯುತ್ತ ಹೋದರೆ ಎಲ್ಲಾದರೂ ಒಂದು ಕಡೆಯಿಂದ ಅವು ಆವರ್ತಿಸತೊಡಗುತ್ತವೆಯೇ ಎಂಬುದನ್ನು ತಿಳಿಯಲು ಕಂಪ್ಯೂಟರುಗಳು 3,400 ಕೋಟಿಗೂ ಮೀರಿದ ಗಾತ್ರದವರೆಗೆ ಲೆಕ್ಕ ಹಾಕಿವೆ. ಆವರ್ತನ ಕಂಡಿಲ್ಲ, ಕಾಣಲಾರದು ಎಂಬ ಸಾಧನೆಯೂ ಯಾರಿಂದಲೂ ಬಂದಿಲ್ಲ.